ಗೊತ್ತಿಲ್ಲದಿರುವುದು ಬೇರೆ, ತಪ್ಪು ತಿಳಿದಿರುವುದು ಬೇರೆ

ಎದುರಿಗಿರುವವನಿಗೆ ಒಂದು ವಿಷಯ ಗೊತ್ತಿಲ್ಲ ಅಂತ ಅರಿಯುವುದು ಒಂದು ಮಟ್ಟ. ಅವನು ಅದನ್ನು ತಪ್ಪಾಗಿ ನಂಬಿಕೊಂಡಿದ್ದಾನೆ ಅಂತ ಅರಿಯುವುದು ಅದಕ್ಕಿಂತ ಎಷ್ಟೋ ಕಷ್ಟದ್ದು. ರೀಸಸ್ ಕೋತಿಗಳು ಮೊದಲನೆಯದನ್ನು ಚೆನ್ನಾಗಿಯೇ ಮಾಡುತ್ತವೆ: ತಮ್ಮ ಕಡೆ ನೋಡದೆ ನಿಂತವನ ಮುಂದಿನ ದ್ರಾಕ್ಷಿಯನ್ನೇ ಆರಿಸಿ ಕದಿಯುತ್ತವೆ. ತಪ್ಪು ನಂಬಿಕೆಯ ಪರೀಕ್ಷೆಗೆ ಬಂದಾಗ ಮಾತ್ರ ಅವನು ಎಲ್ಲಿ ಹುಡುಕುತ್ತಾನೆ ಎಂಬ ಬಗ್ಗೆ ಅವಕ್ಕೆ ಯಾವ ನಿರೀಕ್ಷೆಯೂ ಇದ್ದಂತೆ ಕಾಣಲಿಲ್ಲ.

ಚಿಂಪಾಂಜಿಗೆ ಪರರ ಮನಸ್ಸಿನ ಅರಿವಿದೆಯೇ ಎಂದು ಸಂಶೋಧಕರಾದ ಪ್ರೇಮ್ಯಾಕ್ ಮತ್ತು ವುಡ್ರಫ್ 1978ರಲ್ಲೇ ಕೇಳಿದ್ದರು. ಆಮೇಲೆ ಬಹುಕಾಲ ಉತ್ತರ 'ಇಲ್ಲ' ಎಂಬ ಕಡೆಗೇ ವಾಲಿತ್ತು. ಅದಕ್ಕೆ ಪ್ರಾಣಿಯ ಬುದ್ಧಿಗಿಂತ ನಾವು ಪ್ರಶ್ನೆ ಕೇಳಿದ ರೀತಿಯೇ ಹೆಚ್ಚು ಕಾರಣ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳಿಗೆ ಗೊಂಬೆಗಳಿಂದ ಆಡಿ ತೋರಿಸುವ 1985ರ ಸ್ಯಾಲಿ–ಆನ್ ಪರೀಕ್ಷೆ ನೋಡಿ. ಸ್ಯಾಲಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋಗುತ್ತಾಳೆ, ಆನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ. ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಬುಟ್ಟಿಯಲ್ಲಿ ಅನ್ನುವುದು ಸರಿಯುತ್ತರ. ಇಂಥ ಪ್ರಶ್ನೆಗೆ ಮೂರು ವರ್ಷದ ಮಕ್ಕಳೇ ಸಾಮಾನ್ಯವಾಗಿ ತಪ್ಪು ಹೇಳುತ್ತಾರೆ. ಮಾತೇ ಬಾರದ ಜೀವಿಗೆ ಇದನ್ನು ಕೇಳುವುದಾದರೂ ಹೇಗೆ?

2016ರಲ್ಲಿ ಸಂಶೋಧಕರಾದ ಕೃಪೆನ್ಯೆ, ಕಾನೊ ಮತ್ತು ಸಂಗಡಿಗರು ಕಣ್ಣನ್ನೇ ಕೇಳಿದರು, ಅಂದರೆ ನೋಟ ಎತ್ತ ಹೋಗುತ್ತದೆಂದು ಗಮನಿಸಿದರು. ಚಿಂಪಾಂಜಿ, ಅದರ ಹತ್ತಿರದ ಬಂಧುವಾದ ಬೊನೊಬೊ, ಒರಾಂಗುಟಾನ್‌ಗಳಿಗೆ ಒಂದು ವಿಡಿಯೊ ಹಾಕಿದರು. ಕಪಿವೇಷದವನೊಬ್ಬ ಇನ್ನೊಬ್ಬನಿಗೆ ಹೊಡೆದು, ಅಲ್ಲಿದ್ದ ಎರಡು ಹುಲ್ಲಿನ ಬಣವೆಗಳಲ್ಲಿ ಒಂದರಲ್ಲಿ ಅಡಗುತ್ತಾನೆ. ಹೊಡೆಸಿಕೊಂಡವನು ಕೋಲು ತರಲು ಒಳಗೆ ಹೋದ ಹೊತ್ತಿಗೆ ವೇಷಧಾರಿ ಪರಾರಿ. ಈಗ ಎರಡು ಬಣವೆಗಳಲ್ಲೂ ಯಾರೂ ಇಲ್ಲ. ಕೋಲು ಹಿಡಿದವನು ವಾಪಸ್ ಬಂದಾಗ, ಅವನು ಹೊಡೆಯುವುದಕ್ಕೂ ಮುಂಚೆಯೇ, ಬಣವೆಗಳತ್ತ ನೋಡಿದ ವಾನರರಲ್ಲಿ ಹೆಚ್ಚಿನವು ಮೊದಲು ನೋಡಿದ್ದು ಅವನು ತಪ್ಪಾಗಿ ನಂಬಿದ್ದ ಬಣವೆಯನ್ನೇ.

'ಕೊನೆಗೆ ಕಂಡಲ್ಲೇ ಹುಡುಕುತ್ತಾರೆ ಎಂಬ ರೂಢಿ ಅವಕ್ಕೆ ಗೊತ್ತು, ಅಷ್ಟೇ' ಎಂಬ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪವೇ. 2019ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿತು. ದೂರದಿಂದ ಒಂದೇ ಥರ ಕಾಣುವ ಎರಡು ಪರದೆಗಳು. ಹತ್ತಿರ ಹೋದರೆ ಒಂದರ ಮೂಲಕ ಆಚೆಯದು ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಕೆಲವು ವಾನರರಿಗೆ ಮೊದಲನೆಯದರ ಅನುಭವ ಕೊಟ್ಟರು, ಉಳಿದವಕ್ಕೆ ಎರಡನೆಯದರದು. ಆಮೇಲೆ ವಿಡಿಯೊದಲ್ಲಿ ಒಬ್ಬ ಅಂಥದೇ ಪರದೆಯ ಹಿಂದೆ ಹೋಗುತ್ತಾನೆ, ಅಷ್ಟರಲ್ಲಿ ವಸ್ತು ಜಾಗ ಬದಲಿಸುತ್ತದೆ. ಅವನು ಹಳೆಯ ಜಾಗಕ್ಕೇ ಕೈಹಾಕುತ್ತಾನೆಂದು ನಿರೀಕ್ಷಿಸಿದ್ದು, ಪರದೆಯಾಚೆ ಏನೂ ಕಾಣದೆಂದು ಸ್ವತಃ ಅನುಭವಿಸಿದ್ದ ವಾನರರು. ಎಲ್ಲರೂ ನೋಡಿದ್ದು ಒಂದೇ ದೃಶ್ಯ, ಬೇರೆಯಾಗಿದ್ದು ಅವರವರ ಅನುಭವ ಮಾತ್ರ. ಬರೀ ರೂಢಿಯಿಂದ ಇದನ್ನು ವಿವರಿಸುವುದು ಕಷ್ಟ.

ಇದು ನಮ್ಮಷ್ಟೇ ಪೂರ್ಣವಾದ ಅರಿವು ಅಂತ ನಾನು ಹೇಳುತ್ತಿಲ್ಲ. ಮಾತು ಬಾರದ ಹಸುಗೂಸುಗಳ ಮೇಲೆ ಮಾಡಿದ ಇಂಥದೇ ನೋಟದ ಪ್ರಯೋಗಗಳೂ ಮತ್ತೆ ಮಾಡಿದಾಗ ಎಲ್ಲ ಕಡೆ ಒಂದೇ ಫಲ ಕೊಟ್ಟಿಲ್ಲ. ಆದರೆ ಮಗುವಿನ ನೋಟವನ್ನು ಬುದ್ಧಿಯ ಸಾಕ್ಷಿಯೆಂದು ಒಪ್ಪುವವರು, ಅದೇ ನೋಟ ಬೊನೊಬೊದ್ದಾದರೆ ಬರೀ ಅಭ್ಯಾಸಬಲ ಅನ್ನುವುದನ್ನು ನಾನು ಒಪ್ಪಲಾರೆ.