ಎಲೆಕ್ಟ್ರಿಕ್ ಕಾರಿಗೆ ದುಂಡು ಸ್ಟೀರಿಂಗೇ ಬೇಕೇ? ಪರ-ವಿರೋಧ

ಪರ: ಟಿಲ್ಲರ್ ಹಿಡಿದ ಕೈಗೆ ಇದು ಹೊಸದಲ್ಲ

ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ದುಂಡು ಸ್ಟೀರಿಂಗ್ ಹೋಗಿ ಬೇರೆ ಆಕಾರದ ಹಿಡಿಕೆ ಬಂದಿದೆ, ಇದಕ್ಕೆ ಜನ ಒಗ್ಗುವುದಿಲ್ಲ ಎಂಬ ಮಾತಿದೆ. ನಮ್ಮ ಮಲೆನಾಡಿನಲ್ಲಿ ಪವರ್ ಟಿಲ್ಲರ್ ಓಡಿಸುವವರನ್ನು ಕೇಳಿ ನೋಡಿ. ಸಮತಟ್ಟು ಜಾಗದಲ್ಲಿ ಬಲಕ್ಕೆ ತಿರುಗಬೇಕಾದರೆ ಬಲಗಡೆಯ ಕ್ಲಚ್ ಹಿಡಿಯಬೇಕು. ಕಡಿದಾದ ಇಳಿಜಾರಿನಲ್ಲಿ ಅದೇ ಕ್ಲಚ್ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಅಲ್ಲಿ ಉಲ್ಟಾ ಹಿಡಿಯಬೇಕು. ಇದನ್ನು ಕೈಗೂಡಿಸಿಕೊಂಡ ಹುಡುಗರು ಅಡಿಕೆ ಕೊನೆ ಹೇರಿಕೊಂಡು ತೋಟದಿಂದ ಅಂಗಳಕ್ಕೆ ಸಲೀಸಾಗಿ ಬರುತ್ತಾರೆ. ಆಟೋಗೆ ಇರುವುದು ಹ್ಯಾಂಡಲ್. ಅಂಬಾಸಿಡರ್ ಕಾರಿಗೆ ಸ್ಟೀರಿಂಗ್ ಪಕ್ಕದಲ್ಲೇ ಗೇರು ಇತ್ತು. ಈಗ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಅದು ಮತ್ತೆ ಅಲ್ಲಿಗೇ ಬಂದಿದೆ. ಇಷ್ಟಕ್ಕೆಲ್ಲ ಒಗ್ಗಿದ ಜನ, ಸ್ಟೀರಿಂಗ್ ದುಂಡಗಿಲ್ಲ ಎಂಬ ಒಂದೇ ಕಾರಣಕ್ಕೆ ಎಲೆಕ್ಟ್ರಿಕ್ ಕಾರು ಬೇಡವೆನ್ನುತ್ತಾರೆ ಎಂದರೆ ನಾನು ಒಪ್ಪುವುದಿಲ್ಲ.

2021ರಲ್ಲಿ ಟೆಸ್ಲಾ ತನ್ನ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳಿಗೆ ವಿಮಾನದ ಹಿಡಿಕೆಯಂಥ ಯೋಕ್ ತಂದಾಗ ಟೀಕೆ ಬಂತು, ನಿಜ. ಅಲ್ಲಿ ಬದಲಾದದ್ದು ಆಕಾರ ಮಾತ್ರ. ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಗಾಲಿ ಎಷ್ಟು ತಿರುಗಬೇಕು ಎಂಬ ಲೆಕ್ಕ ಹಳೆಯದೇ ಆಗಿತ್ತು. ಸ್ಟೀರ್-ಬೈ-ವೈರ್ ಬಂದರೆ ಆ ಲೆಕ್ಕವೇ ಬದಲಾಗುತ್ತದೆ. ಸ್ಟೀರಿಂಗಿಗೂ ಗಾಲಿಗೂ ನಡುವೆ ಸರಳು ಇರುವುದಿಲ್ಲ. ಸೆನ್ಸರ್ ನಮ್ಮ ಕೈಯ ಚಲನೆ ಓದುತ್ತದೆ, ಮೋಟರ್ ಗಾಲಿ ತಿರುಗಿಸುತ್ತದೆ. ನಿಧಾನಕ್ಕೆ ಹೋಗುವಾಗ ಸ್ವಲ್ಪ ತಿರುಗಿಸಿದರೂ ಗಾಲಿ ಪೂರ್ತಿ ಹೊರಳುತ್ತದೆ, ವೇಗದಲ್ಲಿ ಅಷ್ಟೇ ತಿರುಗಿಸಿದರೆ ಮೆತ್ತಗೆ ಹೊರಳುತ್ತದೆ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ನೆನೆಸಿಕೊಳ್ಳಿ. ಮಾಮೂಲಿ ಕಾರಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಟೀರಿಂಗ್ ಎರಡೂವರೆ-ಮೂರು ಸುತ್ತು ತಿರುಗಬೇಕು. ಎದುರಿಗೆ ಬಸ್ಸು, ಕೈ ಮೇಲೆ ಕೈ. ಟೆಸ್ಲಾದ್ದೇ ಸೈಬರ್‌ಟ್ರಕ್‌ನಲ್ಲಿ ಇದೆಲ್ಲ ಒಂದು ಸುತ್ತಿಗಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಅಂಥದ್ದು ಕೈಗೆಟುಕುವ ಬೆಲೆಯಲ್ಲಿ ಬಂದರೆ ಮೊದಲು ಮೆಚ್ಚಬೇಕಾದವರು ಘಟ್ಟದವರೇ.

ವಿರೋಧ: ಕಣ್ಣು ರಸ್ತೆ ಮೇಲೋ, ಬಟನ್ ಮೇಲೋ?

ನಮ್ಮ ದೊಡ್ಡಪ್ಪ ಹೊಸನಗರದ ಕಡೆಯವರು, ಮೂವತ್ತು ವರ್ಷ ಜೀಪು ಓಡಿಸಿದವರು. ಶಿವಮೊಗ್ಗಕ್ಕೆ ಎಲೆಕ್ಟ್ರಿಕ್ ಕಾರು ನೋಡಲು ನಾನೇ ಕರೆದುಕೊಂಡು ಹೋಗಿದ್ದೆ. ಬ್ಯಾಟರಿ, ಚಾರ್ಜಿಂಗ್ ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಸವಳಂಗ ರಸ್ತೆಯಲ್ಲಿ ಒಂದು ಸುತ್ತು ಓಡಿಸುವಾಗ ಹೆಬ್ಬೆರಳು ಸ್ಟೀರಿಂಗ್ ಮೇಲಿನ ಟಚ್ ಪಟ್ಟಿಗೆ ತಾಗಿ ಹಾಡು ಒಮ್ಮೆಗೇ ಜೋರಾಯಿತು. ತಗ್ಗಿಸಲು ಬಟನ್ ತಡವಿದರು, ತಡವಲು ಅಲ್ಲಿ ಬಟನ್ನೇ ಇರಲಿಲ್ಲ, ಬರೀ ನುಣುಪು ಗಾಜು. ತಲೆ ತಗ್ಗಿಸಿ ಹುಡುಕಿದರು. ಇಳಿದ ಮೇಲೆ, "ಕಾರು ಅಡ್ಡಿಯಿಲ್ಲ ಮಾರಾಯ, ಆದ್ರೆ ಕಣ್ಣು ರಸ್ತೆ ಮೇಲೆ ಇಡ್ಬೇಕೋ, ಇದ್ರ ಮೇಲೆ ಇಡ್ಬೇಕೋ?" ಎಂದರು. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದ್ದು ಮಾತ್ರ, "ಕರೆಂಟ್ ಕಾರು ನಮ್ಗೆ ಆಗಿಬರಲ್ಲ" ಎಂದು.

ನನ್ನ ತಕರಾರು ಇರುವುದೇ ಇಲ್ಲಿ. ತಪ್ಪು ಮಾಡಿದ್ದು ಒಂದು ಗಾಜಿನ ಪಟ್ಟಿ, ಶಿಕ್ಷೆ ಬಿದ್ದದ್ದು ಎಲೆಕ್ಟ್ರಿಕ್ ಕಾರಿಗೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಲ್ಲಿ ಬ್ಯಾಟರಿಯನ್ನು ನಂಬಿ ಎನ್ನುವುದೇ ದೊಡ್ಡ ಮಾತು. ಅದರ ಜೊತೆಗೆ ಹುಟ್ಟಿದಾಗಿನಿಂದ ಕೈಗೆ ಗೊತ್ತಿರುವುದನ್ನೂ ಮರೆಯಿರಿ ಎಂದರೆ ಹೇಗೆ?

ಟಿಲ್ಲರ್ ಹೋಲಿಕೆಯನ್ನು ಮೆಚ್ಚಿದೆ, ಆದರೆ ಟಿಲ್ಲರ್ ಹೋಗುವುದು ನಡಿಗೆಯ ವೇಗದಲ್ಲಿ. ಕಾರು ಹಾಗಲ್ಲ. ಬೆಳಿಗ್ಗೆ ಹಳೆ ಕಾರು ಓಡಿಸಿದವರೇ ಸಂಜೆ ಹೊಸದನ್ನು ಓಡಿಸುತ್ತಾರೆ. ದನ ಅಡ್ಡ ಬಂದ ಗಳಿಗೆಯಲ್ಲಿ ಕೈ ಹೋಗುವುದು ಹಳೆಯ ಜಾಗಕ್ಕೇ. ಟೆಸ್ಲಾದ ಮೊದಲ ಯೋಕ್‌ನಲ್ಲಿ ಹಾರ್ನ್ ಕೂಡ ಬದಿಯಲ್ಲಿನ ಪುಟ್ಟ ಟಚ್ ಬಟನ್, ಇಂಡಿಕೇಟರ್ ಕೂಡ ಹಾಗೇ. ಎದುರಿನ ಗಾಡಿ ಕಾಣದ ಘಟ್ಟದ ತಿರುವಿನಲ್ಲಿ ಹಾರ್ನ್ ಎಂದರೆ ಜೀವ, ಅದು ಅಂಗೈಗೆ ಸಿಗಬೇಕು. 2023ರ ಆರಂಭದಲ್ಲಿ ಆ ಕಂಪನಿಯೇ ದುಂಡು ಸ್ಟೀರಿಂಗನ್ನು ಮತ್ತೆ ಕೊಡಲು ಶುರುಮಾಡಿತು. ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ಕೈಗೆ ತಾಗುವ ನಿಜವಾದ ಬಟನ್ ಇರಬೇಕೆಂದು, ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ತನ್ನ ಸುರಕ್ಷತಾ ಅಂಕಗಳಲ್ಲಿ ಲೆಕ್ಕ ಹಿಡಿಯುತ್ತಿದೆ.

ಇನ್ನು ನಮ್ಮ ಮಳೆ. ದಣಪೆ ತೆಗೆದು, ಕಾರು ಒಳಗೆ ತಂದು, ಮತ್ತೆ ಇಳಿದು ದಣಪೆ ಹಾಕಿ ಬರುವಷ್ಟರಲ್ಲಿ ಕೈ ತೊಪ್ಪೆ. ಒದ್ದೆ ಬೆರಳಿಗೆ ಟಚ್ ಪಟ್ಟಿ ಸರಿಯಾಗಿ ಸ್ಪಂದಿಸುವುದಿಲ್ಲ. ಕೆಸರಿನಲ್ಲಿ ಮುಂದಿನ ಗಾಲಿ ಜಾರುತ್ತಿದೆ ಎಂಬುದು ನಮಗೆ ಗೊತ್ತಾಗುವುದು ಸ್ಟೀರಿಂಗ್ ಹಗುರಾದಾಗ. ಸರಳೇ ಇಲ್ಲದ ಕಡೆ ಆ ಸುದ್ದಿಯನ್ನೂ ಒಂದು ಮೋಟರೇ ನಮಗೆ ಮುಟ್ಟಿಸಬೇಕು.

ದೊಡ್ಡಪ್ಪನ ಜೀಪು ಈಗ ವಾರಕ್ಕೊಮ್ಮೆ ಕೈಕೊಡುತ್ತಿದೆ. ಈ ಸಲದ ಅಡಿಕೆ ದುಡ್ಡು ಬ್ಯಾಂಕಿನಲ್ಲಿದೆ. ಹೋದ ವಾರ ಫೋನ್ ಮಾಡಿ, ಒತ್ತಿದರೆ ಟಿಕ್ ಅನ್ನುವ ಬಟನ್ ಇರುವ ಎಲೆಕ್ಟ್ರಿಕ್ ಕಾರು ಯಾವುದಿದೆ, ವಿಚಾರಿಸು ಅಂದರು.