ಗಲ್ಲಿಗೇರಿದ ದಿನದ ಹಾರ್ದಿಕ ಶುಭಾಶಯಗಳು

ಜನವರಿ 26ರ ಮುಂಜಾನೆ ಇನ್ನಾ ಚಾ ಸೈತ ಕುಡದಿರ್ಲಿಲ್ರಿ, ನಮ್ಮ ಮನಿಮಂದಿ ಗ್ರೂಪಿಗೆ ಮಾವಾರು ಒಂದು ಫೋಟೋ ಒಗದ್ರು. ನಡುವ ಸಂಗೊಳ್ಳಿ ರಾಯಣ್ಣ, ಸುತ್ತೂ ಬಲೂನು, ಕೆಳಗ ಮಿಣಿಮಿಣಿ ಅಕ್ಷರದಾಗ "ರಾಯಣ್ಣನವರು ಹುತಾತ್ಮರಾದ ದಿನದ ಹಾರ್ದಿಕ ಶುಭಾಶಯಗಳು". 1831ರಾಗ ಇದ ದಿನ ನಂದಗಡದಾಗ ಬ್ರಿಟಿಷರು ಅವನ್ನ ಗಲ್ಲಿಗೆ ಹಾಕಿದ್ರು, ನಾವು ಬೆಳಗಾವ್ಯಾಗ ಕುಂತು ಬಲೂನ್ ಹಾರಸಾಕತ್ತೀವಿ. ಫೋನ್ ಹಚ್ಚಿ "ಮಾವಾ, ಗಲ್ಲಿಗೆ ಯಾರರ ಶುಭಾಶಯ ಹೇಳ್ತಾರೇನ್ರಿ" ಅಂದ್ರ, "ಲೇ ತಮ್ಮಾ, ಮೊನ್ನೆ ಮಮ್ಮಗನ ಬರ್ತ್‌ಡೇಕ್ಕ ಮಾಡಿದ್ದ ಟೆಂಪ್ಲೇಟ್ ಅದು, ಹೆಸರಷ್ಟ ಚೇಂಜ್ ಮಾಡೇನಿ" ಅಂದ್ರು.

ರಾಯಣ್ಣ ಹುಟ್ಟಿದ್ದು ಆಗಸ್ಟ್ 15ಕ್ಕ ಅಂತಾರ, ಹೋಗಿದ್ದು ಜನವರಿ 26ಕ್ಕ, ಎರಡೂ ಮೊದಲ ಸೂಟಿ, ಹಿಂಗಾಗಿ ಬ್ಯಾರೆ ಸೂಟಿ ಸಿಗಲಿಲ್ಲ ಅನ್ನೂದೊಂದ ನಮ್ಮ ಆಫೀಸಿನವರ ದುಃಖ.

ಮಾವಾರದು ಬರೇ ಮೊಬೈಲಿನ್ಯಾಗರ ಮುಗೀತೈತಿ, ಅಕ್ಟೋಬರ್ 23 ಬಂದ್ರ ಚನ್ನಮ್ಮಾ ಸರ್ಕಲ್ ಕಡೆ ನೋಡ್ರಿ. 1824ರಾಗ ಆ ದಿನ ಕಿತ್ತೂರಾಗ ಕಲೆಕ್ಟರ್ ಥ್ಯಾಕರೆ ಸತ್ತ. ಫ್ಲೆಕ್ಸಿನ್ಯಾಗ ರಾಣಿ ಚನ್ನಮ್ಮ ಅಂಚೆಚೀಟಿಯಷ್ಟು ಮೂಲ್ಯಾಗ, ನಡುವ ಗಾಗಲ್ ಹಾಕ್ಕೊಂಡು ಕೈಮುಗದ ಯುವ ಮುಖಂಡ ಆಳೆತ್ತರ, ಅವನ ಸುತ್ತ ಹನ್ನೊಂದು ಗೆಳ್ಯಾರು. ಪರಊರಿನವರು ಬಂದು ನೋಡಿದ್ರ ಥ್ಯಾಕರೇಗ ಗುಂಡ ಹೊಡದಾಂವ ಇವನ ಇರಬೇಕು ಅಂದ್ಕೋಬೇಕು, ಹಂಗ ನಿಂತಿರ್ತಾನ. ಗುಂಡ ಹೊಡದ ಅಮಟೂರ ಬಾಳಪ್ಪನ ಹೆಸರು ಭೂತಗನ್ನಡಿ ಹಚ್ಚಿ ಹುಡುಕಿದ್ರೂ ಇಲ್ಲ, ಪ್ರಿಂಟಿಂಗಿಗೆ ರೊಕ್ಕ ಕೊಟ್ಟಿಲ್ಲಲ್ಲ ಪಾಪ ಅಂವ.

1924ರ ಡಿಸೆಂಬರ್ 26ಕ್ಕ ಗಾಂಧೀಜಿ ಇಲ್ಲೇ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ರು, ಅವರು ಅಧ್ಯಕ್ಷರಾದ ಅಧಿವೇಶನ ಅದೊಂದ. ಬಂದ ಮಂದಿಗೆ ನೀರ ಬೇಕಂತ ಆಗಿನವರು ಬಾವಿ ತೋಡಿದ್ರು. ನಾವೂ ತೋಡ್ತೀವ್ರಿ, ಸ್ವಾಗತ ಕಮಾನಿನ ಕಂಬ ಹುಗ್ಯಾಕ ನಡುರಸ್ತ್ಯಾಗ.

ಈ ಸಲ ಮಾವಾರಿಗೆ ಖರೇನ ತೊಂದ್ರಿ ಆಗಿದ್ದು ತಾಳಿಕೋಟಿ ಯುದ್ಧದಾಗ. 1565ರ ಜನವರಿ 23 ಅಂತ ಕೆಲವು ಪುಸ್ತಕ, 26 ಅಂತ ಕೆಲವು, ಅದೂ ಹಳೇ ಕ್ಯಾಲೆಂಡರಿಂದು, ಈಗಿನ ಲೆಕ್ಕ ಹಿಡದ್ರ ಇನ್ನೂ ಹತ್ತು ದಿನ ಮುಂದ ಹೋಗ್ತೈತಿ. ಶುಭಾಶಯ ಯಾರಿಗೆ ಅನ್ನೂದು ಬ್ಯಾರೆ ತಲಿಬ್ಯಾನಿ. ಗೆದ್ದ ಆದಿಲ್‌ಶಾಹಿ ಊರಾಗ ನಮ್ಮ ಭಾವ ಅದಾನ, ಸೋತ ಹಂಪಿ ಕಡೆ ಬೀಗರು ಅದಾರ. ಕಡೀಕ "ಎಲ್ಲಾರಿಗೂ" ಅಂತ ಹಾಕಿ ಕೈ ತೊಳಕೊಂಡ್ರು.

ಇಷ್ಟಕ್ಕ ಸುಮ್ಮನಿರಬೇಕಿಲ್ರಿ? ಮೇ 22ಕ್ಕ ಮತ್ತ ಬಂತು: "ಆಲಮಟ್ಟಿ ಡ್ಯಾಮಿನ ಅಡಿಗಲ್ಲಿನ ಹಾರ್ದಿಕ ಶುಭಾಶಯಗಳು". ಶಾಸ್ತ್ರೀಜಿ ಕಲ್ಲ ಇಟ್ಟಿದ್ದು 1964ರಾಗ, ಕಲಾಂ ಸಾಹೇಬ್ರು ಬಂದು ಉದ್ಘಾಟನೆ ಮಾಡಿದ್ದು 2006ರಾಗ, ನಡುವ ಕಲ್ಲಿಗೂ ಮಮ್ಮಕ್ಕಳಾಗಿರಬೇಕು. ಬಾಗಲಕೋಟ್ಯಾಗ ನಮ್ಮ ಅಕ್ಕನ ಹಳೇ ಮನಿ ಅದ ಹಿನ್ನೀರಿಗೆ ಹೋಗಿ ಈಗ ನವನಗರದಾಗ ಇರ್ತಾಳ. ಗ್ರೂಪಿನ್ಯಾಗ ಯಾವತ್ತೂ ಮಾತಾಡದಾಕಿ ಅವತ್ತ ಟೈಪ್ ಮಾಡಿದ್ಲು, "ಮಾವಾ, ನಮ್ಮ ಮನಿ ಮುಳುಗಿದ ದಿನಕ್ಕೂ ಒಂದೆರಡ ಬಲೂನ್ ಕಳಸ್ರಿ".

ಎರಡ ನಿಮಿಷದಾಗ ಮಾವಾರ ರಿಪ್ಲೈ: "ತಾರೀಖ ಹೇಳಬೇ ಯವ್ವಾ, ಟೆಂಪ್ಲೇಟ್ ರೆಡಿ ಐತಿ".