ಸತ್ಯಾಂಶ: ನೋಡಿ ಕಲಿಯೋ ಮಗು, ಕೇಳಿ ಕಲಿಯೋ ಮಗು ಅಂತ ಇದೆಯಾ?

ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ: ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ, ನಿಮ್ಮ ಮಗು ಯಾವುದೆಂದು ತಿಳಿದು ಹಾಗೇ ಕಲಿಸಿದರೆ ಅಂಕ ಜಾಸ್ತಿ ಬರುತ್ತದಂತೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಇದರ ಅಧ್ಯಯನಗಳನ್ನು ಜಾಲಾಡಿದಾಗ ಅದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟಾನಿಷ್ಟ ಇರುತ್ತದೆ, ನಿಜ. ಆದರೂ ಇಷ್ಟ ಏನೇ ಇರಲಿ, ಭೂಪಟ ನೋಡಿದರೇ ತಿಳಿಯೋದು, ರಾಗ ಕೇಳಿದರೇ.

ಹಾಗಂತ ಎಲ್ಲರಿಗೂ ಒಂದೇ ಪಾಠ ಸಾಕು ಅಂತಲ್ಲ. ಭಾಗಾಕಾರದಲ್ಲಿ ಎಡವುವ ಹುಡುಗಿಗೆ ಸುಮ್ನೆ ಬಣ್ಣದ ಚಿತ್ರ ತೋರಿಸಿ ಏನು ಪ್ರಯೋಜನ? ಮಗ್ಗಿ ಬರುತ್ತಾ, ಕಳೆಯೋವಾಗ ದಶಕ ತಗೊಳ್ಳೋದು ಮರೀತಾಳಾ ಅಂತ ಪಕ್ಕದಲ್ಲಿ ಕೂತು ನೋಡಬೇಕು. ಬೋರ್ಡ್ ಕಾಣದವನಿಗೆ ಕನ್ನಡಕ ಬೇಕು. ಡಿಸ್ಲೆಕ್ಸಿಯಾ (ಓದು-ಬರಹ ಕಲಿಯೋದರಲ್ಲಿ ಆಗುವ ತೊಂದರೆ) ಅನುಮಾನವಿದ್ದರೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆಗಿ ಬರುವ ಕ್ವಿಜ್ ಬಿಟ್ಟು ತಜ್ಞರಿಗೆ ತೋರಿಸಿ.